ಬರುವ ಮುಂಚೆಯೇ ಹೋದವರು

ಹದಿನೆಂಟು ವರ್ಷ ಬೈಂಡಿಂಗ್ ಮೇಜಿನ ಮುಂದೆ ಕೂತವಳಿಗೆ ಪುಸ್ತಕಗಳು ಇಡಿಯಾಗಿ ಸಿಕ್ಕಿದ್ದೇ ಕಡಿಮೆ. ಹದಿನಾರು ಪುಟದ ಒಂದೊಂದು ಫಾರಂ ಮಡಿಸುತ್ತ, ಜೋಡಿಸುತ್ತ, ಅಲ್ಲಲ್ಲೇ ಓದಿಬಿಡುತ್ತಿದ್ದಳು. ಅದರಲ್ಲೂ ಬೇರೆ ಗ್ರಹದವರು ಬರುವ ಕಾದಂಬರಿಯೆಂದರೆ ಬಿಡುತ್ತಿರಲಿಲ್ಲ. ಓದುವುದೂ ಅದನ್ನೇ, ಬೈಯುವುದೂ ಅದನ್ನೇ.

ಈ ಸಲದ ಕಾದಂಬರಿಯಂತೂ ತಲೆ ಚಿಟ್ಟು ಹಿಡಿಸಿತ್ತು. ಎಷ್ಟೋ ಕೋಟಿ ಮೈಲಿಯಾಚೆಯಿಂದ ಮೂರು ಸಲ ಟಕ್ ಟಕ್ ಎಂದು ಸದ್ದು ಬರುತ್ತದೆ; ವಿಜ್ಞಾನಿ ಕಾಫಿ ಆರುವುದರೊಳಗೆ ಅದರ ಅರ್ಥ ಬಿಡಿಸಿಬಿಡುತ್ತಾನೆ.

“ಬರೆಯೋರಿಗೇನು,” ಎಂದು ಗೊಣಗಿದಳು.

ಮೇಜಿನಾಚೆ, ನಾಲ್ಕಡಿ ದೂರದಲ್ಲಿ ಫಾರಂಗಳನ್ನು ಹೊಲಿಯುತ್ತ ಕೂತಿದ್ದ ನಾದಿನಿ ಮೂರು ತಿಂಗಳಿಂದ ಮಾತು ಬಿಟ್ಟಿದ್ದಳು. “ನಿನ್ನ ಹೊಲಿಗೆ ಸಡಿಲ” ಎಂದು ಪ್ರೆಸ್ಸಿನ ಯಜಮಾನರ ಮುಂದೆ ಇವಳು ಅಂದದ್ದೇ ತಪ್ಪಾಗಿತ್ತು. ಈಗ ಕತ್ತರಿ ಬೇಕಾದರೂ ಯಜಮಾನರ ಮೂಲಕವೇ ಕೇಳಬೇಕು. ಸೋಮವಾರದಿಂದ ಅವಳು ಬೇರೆ ಪ್ರೆಸ್ಸಿಗೆ ಹೋಗುತ್ತಾಳೆಂದೂ ಅವರ ಮೂಲಕವೇ ತಿಳಿದದ್ದು. ಇವತ್ತು ಶನಿವಾರ. ಅವಳಿಗೆ ಸೂಜಿ ಹಿಡಿಯಲು ಕಲಿಸಿದವಳು ತಾನೇ. ಹೋಗಬೇಡ ಅನ್ನಲು ಬೆಳಿಗ್ಗೆಯಿಂದ ಬಾಯಿ ತೆರೆಯುತ್ತಿದ್ದಳು. ಸಿಟ್ಟನ್ನೆಲ್ಲ ಆ ವಿಜ್ಞಾನಿಯ ಮೇಲೆ ತೀರಿಸಿಕೊಂಡು ಮುಚ್ಚುತ್ತಿದ್ದಳು.

ಊಟವಾದ ಮೇಲೆ ಯಜಮಾನರು ಹೊಲಿದಿಟ್ಟ ಒಂದು ಪ್ರತಿಯನ್ನು ತಿರುವಿ, ಕನ್ನಡಕ ಹಣೆಗೇರಿಸಿದರು.

“ಎಂಬತ್ತನೇ ಪುಟ ಆದ್ಮೇಲೆ ತೊಂಬತ್ತೇಳು. ಆಕಾಶದೋರು ಬರೋಕೆ ಮುಂಚೇನೇ ವಾಪಸ್ ಹೋಗಿದಾರಲ್ಲಮ್ಮ.”

ಓದುವ ಆವೇಶದಲ್ಲಿ ಆರನೇ ಫಾರಂನ ಜಾಗದಲ್ಲಿ ಏಳನೆಯದರ ಕಟ್ಟನ್ನೂ ಅದರ ಜಾಗದಲ್ಲಿ ಆರನೆಯದನ್ನೂ ಇಟ್ಟುಕೊಂಡಿದ್ದಳು. ಬೆಳಿಗ್ಗೆಯಿಂದ ಜೋಡಿಸಿದ ಹನ್ನೆರಡು ಪ್ರತಿಯೂ ಹಾಗೇ.

“ಹೊಲಿಯೋಳಿಗೂ ಕಾಣ್ಲಿಲ್ವಾ?” ಯಜಮಾನರು ನಾದಿನಿಯತ್ತ ತಿರುಗಿದರು.

“ಮೊದಲನೇದ್ರಲ್ಲೇ ಕಾಣ್ತು,” ಎಂದಳು ನಾದಿನಿ, ಯಜಮಾನರಿಗೇ. “ಅವರಿಗೆ ಹೇಳ್ಸೋಕೆ ನೀವು ಇಲ್ಲಿರ್ಲಿಲ್ಲ.”

ಯಜಮಾನರು ಇಬ್ಬರನ್ನೂ ನೋಡಿದರು. “ಸಂಜೆ ಲೈಬ್ರರಿಯೋರು ಬರ್ತಾರೆ. ನನಗಂತೂ ಸಾಕಾಯ್ತು. ಬಿಚ್ಚಿ ಸರಿಮಾಡಿ. ನೀವುಂಟು, ನಿಮ್ಮ ಬೇರೆ ಗ್ರಹದೋರುಂಟು,” ಎಂದು ಹೊರಗೆ ಹೋದರು.

ಜೋಡಿಸಿದವಳೇ ಒಂದು ಪ್ರತಿ ತೆಗೆದುಕೊಂಡು ದಾರ ಎಳೆದಳು. ಬರಲಿಲ್ಲ. ಉಗುರು ಹಾಕಿದಳು, ಸೂಜಿ ಹಾಕಿದಳು. ಬೆರಳು ಕೆಂಪಾಯಿತೇ ಹೊರತು ದಾರ ಜಪ್ಪಯ್ಯ ಅನ್ನಲಿಲ್ಲ.

“ಎಷ್ಟು ಬಿಗಿ ಹೊಲಿದಿದೀಯೇ, ಬಿಚ್ಚೋರ ಗತಿ ಏನು?” ರೇಗಿಬಿಟ್ಟಳು.

ನಾದಿನಿಯ ಕೈ ನಿಂತಿತು. “ಏನಂದ್ರಿ ಅತ್ತಿಗೆ?”

“ಬಿಗಿ ಅಂದೆ.”

“ಅದನ್ನೇ ಯಜಮಾನ್ರ ಮುಂದೆ ಹೇಳ್ತೀರಾ?”

“ಹೇಳ್ತೀನಿ. ಆಮೇಲೂ ಬೇರೆ ಪ್ರೆಸ್ಸಿನ ಮಾತು ತೆಗೆದ್ರೆ ಈ ಗೋಂದಿನ ಡಬ್ಬ ನಿನ್ನ ತಲೆ ಮೇಲೆ ಸುರೀತೀನಿ. ಈಗ ಕತ್ತರಿ ಕೊಡು.”

ಕತ್ತರಿ ಮೇಜಿನ ಮೇಲೆ ಜಾರಿ ಬಂತು. ಒಬ್ಬಳು ದಾರ ಕತ್ತರಿಸಿದಳು, ಇನ್ನೊಬ್ಬಳು ಫಾರಂ ಬಿಡಿಸಿದಳು.

“ಅತ್ತಿಗೆ, ಆರನೇ ಫಾರಂನಲ್ಲಿ ಅವರು ಬಂದು ಏನಂತಾರೆ?”

“ಏನಂತಾರೆ, ಚೆನ್ನಾಗಿದೀರಾ ಅಂತಾರೆ. ಬಂದ ದಿನಾನೇ.” ಅವಳು ಮೂಗು ಮುರಿದಳು. “ಮೂರು ತಿಂಗಳಾದ್ರೂ ಬೇಡ್ವಾ?”