ಬಟ್ಟೆ ಒಗೆಯಬಾರದ ದಿನ

ಇಂಗ್ಲೆಂಡಿನ ಗ್ರಿಮ್ಸ್‌ಬಿ ಬಂದರಿನ ಹೆಂಗಸರಿಗೆ ದೇವರಲ್ಲಿ ನಂಬಿಕೆ ಇತ್ತೋ ಇಲ್ಲವೋ, ಬಟ್ಟೆ ಒಗೆಯುವ ವಿಷಯದಲ್ಲಂತೂ ಇತ್ತು. ಗಂಡಸು ಕಡಲಿಗೆ ಹೊರಟ ದಿನ ಮನೆಯಲ್ಲಿ ಬಟ್ಟೆ ಒಗೆಯಬಾರದು; ಒಗೆದರೆ ಅವನೂ ಕೊಚ್ಚಿಕೊಂಡು ಹೋಗುತ್ತಾನೆ. ಎನಿಡ್ ಸ್ಮಾಲಿ ಮದುವೆಯಾದಾಗಿನಿಂದ ಇದನ್ನು ಚಾಚೂ ತಪ್ಪದೆ ಪಾಲಿಸಿದವಳು. ತಪ್ಪಿದ್ದು ಒಂದೇ ಸಲ.

ಅವಳ ಗಂಡ ರಾಲ್ಫ್‌ಗೆ 'ರೋಸ್‌ಬೆತ್' ಎಂಬ ಸ್ವಂತ ದೋಣಿಯಿತ್ತು. ಕಡಲಲ್ಲಿ ಯಾರು ಎಷ್ಟು ಮೀನು ಹಿಡಿಯಬೇಕೆಂದು ಯುರೋಪಿನ ಒಕ್ಕೂಟ ಗೊತ್ತುಮಾಡತೊಡಗಿದ ಮೇಲೆ ಅವನ ಪಾಲು ವರ್ಷದಿಂದ ವರ್ಷಕ್ಕೆ ಕುಗ್ಗಿತು. ಬಲೆಗೆ ಹೆಚ್ಚಿಗೆ ಬಿದ್ದ ಮೀನನ್ನು, ಸತ್ತದ್ದನ್ನೇ, ಮತ್ತೆ ನೀರಿಗೆ ಎಸೆದು ಬರಬೇಕಿತ್ತು. ಹಾಗೆ ಎಸೆದು ಬಂದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಸರ್ಕಾರದಿಂದ ಒಂದು ಕಾಗದ ಬಂತು: ಕಸುಬು ಬಿಟ್ಟರೆ ಪರಿಹಾರ, ಆದರೆ ದೋಣಿಯನ್ನು ಒಡೆಯಲೇಬೇಕು. ಮಾರುವಂತಿಲ್ಲ, ದಾನ ಕೊಡುವಂತಿಲ್ಲ.

ರಾಲ್ಫ್ ಒಪ್ಪಿಕೊಂಡು ದೋಣಿಯನ್ನು ಒಡೆಯಲು ಒಯ್ದ. ಒಡೆಯುವ ಅಂಗಳ ಬಂದರಿನ ಆಚೆ ದಡದಲ್ಲೇ, ಅರ್ಧ ಗಂಟೆಯ ದಾರಿ. ಇದೇನು ಮಹಾ ಕಡಲಯಾನವೇ ಎಂದುಕೊಂಡು ಎನಿಡ್ ಅಂದು ಬಟ್ಟೆ ಒಗೆದು ಹರವಿಬಿಟ್ಟಳು. ಸಂಜೆ ನಡೆದುಕೊಂಡು ಮನೆಗೆ ಬಂದ ರಾಲ್ಫ್ ಹಗ್ಗದ ಮೇಲಿದ್ದ ತನ್ನ ಅಂಗಿಗಳನ್ನು ನೋಡಿ ಒಳಗೆ ಹೋದ. ಆಮೇಲೆ ಹದಿನೇಳು ವರ್ಷ ಬದುಕಿದ; ಒಮ್ಮೆಯೂ ಕಡಲಿಗೆ ಇಳಿಯಲಿಲ್ಲ. ಕಿಟಕಿಯ ಬಳಿ ಕೂತು, ಕೇಳುವವರಿಲ್ಲದಿದ್ದರೂ ಗಾಳಿಯ ದಿಕ್ಕು ಹೇಳುತ್ತಿದ್ದ. ತಾನೇ ಗಂಡನನ್ನು ತೊಳೆದು ಹಾಕಿದೆ ಎಂಬ ಕೊರಗು ಎನಿಡ್‌ಳನ್ನು ಬಿಡಲಿಲ್ಲ. ಬ್ರಸೆಲ್ಸ್‌ನಲ್ಲಿ ಕೂತು ನಿಯಮ ಬರೆದವರಿಗೆ ಇಂಥ ಕೊರಗಿರಲಿಲ್ಲ. ಲಂಡನ್ನಿನಲ್ಲಿ ತಲೆಯಾಡಿಸಿದ ಸ್ವಂತ ಸರ್ಕಾರದವರಿಗಂತೂ ಮೊದಲೇ ಇರಲಿಲ್ಲ.

ರಾಲ್ಫ್ ತೀರಿಕೊಂಡ ಮೇಲೆ ಮಹಡಿಯ ಕೋಣೆಗೆ ಬಾಡಿಗೆಗೆ ಬಂದವಳು, ಅದೇ ಒಕ್ಕೂಟಕ್ಕೆ ಸೇರಿದ ಲಿಥುವೇನಿಯಾ ದೇಶದ ರಾಸಾ. ಮೀನು ಸೀಳುವ ಕಾರ್ಖಾನೆಯಲ್ಲಿ ಕೆಲಸ. ಎರಡು ವಾರಕ್ಕೆಂದು ಬಂದವಳು ಐದು ವರ್ಷ ಉಳಿದಳು. ಅವಳು ಮಾಡುವ ಬೀಟ್‌ರೂಟ್ ಸಾರನ್ನು ಗೋಡೆಗೆ ಬಳಿಯುವ ಬಣ್ಣವೆಂದು ಹಂಗಿಸುತ್ತಲೇ ಎನಿಡ್ ಎರಡು ಬಟ್ಟಲು ಕುಡಿಯುತ್ತಿದ್ದಳು. ಮಂಡಿಯ ಶಸ್ತ್ರಚಿಕಿತ್ಸೆಯಾದಾಗ ಅವಳಿಗೆ ಸ್ನಾನ ಮಾಡಿಸಿದ್ದೂ ರಾಸಾಳೇ.

2016ರ ಜೂನ್‌ನಲ್ಲಿ, ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಸರ್ಕಾರ ಜನರನ್ನೇ ಕೇಳಿತು. ಮತಗಟ್ಟೆಯಲ್ಲಿ ಕೊಡುವ ಪೆನ್ಸಿಲ್ಲಿನ ಗುರುತನ್ನು ಅಳಿಸಿಬಿಡುತ್ತಾರೆಂದು ಗಾಳಿಸುದ್ದಿ ಹಬ್ಬಿತ್ತು. ಎನಿಡ್ ರಾಲ್ಫ್‌ನ ಪೆನ್ನನ್ನೇ ಒಯ್ದು, 'ಬಿಡಬೇಕು' ಎಂಬುದರ ಮುಂದೆ ಒತ್ತಿ ಗುರುತು ಹಾಕಿ ಬಂದಳು. ಮರುದಿನ, 'ಬಿಡಬೇಕು' ಎಂದವರು ಗೆದ್ದರೆಂದು ಬೀದಿಗೆ ಬೀದಿಯೇ ಕುಣಿಯಿತು. ರಾಸಾ ಅಡುಗೆಮನೆಯಲ್ಲಿ ನಿಂತಿದ್ದಳು.

"ನಂಗೆ ಹೋಗು ಅಂತ ಗುರ್ತು ಹಾಕ್ ಬಂದ್ಯಾ, ಎನಿಡಮ್ಮ?"

"ನಿಂಗಲ್ಲ ಕಣೇ. ಆ ಚೀಟೀಲಿ ನಿನ್ನ ಹೆಸ್ರೇ ಇರ್ಲಿಲ್ಲ. ನಲವತ್ತು ವರ್ಷದಿಂದ ನಮ್ಮನ್ನ ಯಾರೂ ಕೇಳಿರ್ಲಿಲ್ಲ. ಈಗ ಕೇಳಿದ್ರು, ಹೇಳ್ದೆ."

"ನನ್ನ ಯಾರೂ ಕೇಳ್ಲಿಲ್ಲ," ಎಂದಳು ಮತದ ಹಕ್ಕಿಲ್ಲದ ರಾಸಾ.

ಎನಿಡ್ ಕುರ್ಚಿ ಎಳೆದುಕೊಂಡು ಕೂತಳು. ಯಾರಿಗೂ ಹೇಳದಿದ್ದ ಆ ಬಟ್ಟೆಯ ಕಥೆಯನ್ನು ಅವಳಿಗೆ ಹೇಳಿದಳು. ಮತ ಹಾಕಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ. ಆದರೆ ಈ ಹುಡುಗಿ ಹೊರಟುಬಿಟ್ಟರೆ ಎಂಬ ಭಯ ಅಂದೇ ಶುರುವಾಯಿತು.

ರಾಸಾಳನ್ನು ಯಾರೂ ಕತ್ತು ಹಿಡಿದು ದೂಡಲಿಲ್ಲ. ಪಕ್ಕದ ಮನೆಯ ತೆಲ್ಮಾ ಮಾತ್ರ ಗೋಡೆಯಾಚೆಯಿಂದ, ಪೆಟ್ಟಿಗೆ ಕಟ್ಟಿದ್ದಾಯಿತೇ ಎಂದು ನಗುನಗುತ್ತಲೇ ಕೇಳುತ್ತಿದ್ದಳು. ಮುಂದೆ ಏನು ಕಾನೂನು ಬರುತ್ತದೋ ಹೇಳುವವರಿರಲಿಲ್ಲ. ಮರುವರ್ಷದ ವಸಂತದಲ್ಲಿ ರಾಸಾ ನಿಜವಾಗಿಯೂ ಪೆಟ್ಟಿಗೆ ಕಟ್ಟಿದಳು.

ಅವಳು ಹೊರಟದ್ದು ಸೋಮವಾರ, ಬೀದಿಯವರೆಲ್ಲ ಬಟ್ಟೆ ಒಗೆಯುವ ದಿನ. ಚೆನ್ನಾದ ಬಿಸಿಲು, ಗಾಳಿ. ಬೀದಿಯ ಹಗ್ಗಗಳೆಲ್ಲ ತುಂಬಿದ್ದವು. ಎನಿಡ್ ಬಾಗಿಲಲ್ಲಿ ನಿಂತು ನೋಡಿದಳು, ಕೈ ಬೀಸಲಿಲ್ಲ; ಕಡಲಿಗೆ ಹೊರಟವರಿಗೆ ಅದೂ ಕೂಡದು. ಒಳಗೆ ಕೊಳೆ ಬಟ್ಟೆಯ ಬುಟ್ಟಿ ತುಂಬಿ ಕೂತಿತ್ತು.

"ಇಂಥಾ ಬಿಸ್ಲು ಬಿಟ್ಕೊಂಡು ಕೂತಿದ್ಯಲ್ಲ, ಸೋಮಾರಿ ಆಗೋದ್ಯಾ?" ಎಂದು ತೆಲ್ಮಾ ಗೋಡೆಯಾಚೆಯಿಂದ ಕೆಣಕಿದಳು.

"ನಮ್ಮನೇವ್ರು ಒಬ್ರು ಇವತ್ತು ಹೊರಟವ್ರೆ," ಎಂದಳು ಎನಿಡ್.

ತೆಲ್ಮಾಳ ಅಪ್ಪನೂ ಕಡಲಿಗೆ ಹೋಗುತ್ತಿದ್ದವನೇ. ಅವಳು ತನ್ನ ಹಗ್ಗದ ಮೇಲಿದ್ದ ಬಟ್ಟೆಗಳನ್ನು, ಇನ್ನೂ ನೀರು ತೊಟ್ಟಿಕ್ಕುತ್ತಿದ್ದವನ್ನೇ, ಒಂದೊಂದಾಗಿ ತೆಗೆದು ಒಳಗೆ ಒಯ್ದಳು.