ಅಳತೆಯಣ್ಣನ ರೈಫಲ್

ನಮ್ಮ ಭಾವ ಬಡಗಿ. ಯಾರ ಮನೆಗೆ ಹೋದರೂ ಕೂರುವ ಮೊದಲೇ ಬಾಗಿಲು ಎಷ್ಟು ಸೊಟ್ಟಗಿದೆ ಎಂದು ಹೇಳಿಬಿಡುವವರು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಅಳತೆಯಣ್ಣ. ಕೆಲಸ ಬಿಟ್ಟರೆ ಅವರಿಗಿದ್ದದ್ದು ಒಂದೇ ಹುಚ್ಚು: ಸ್ಪರ್ಧೆಗಳಲ್ಲಿ ಗುರಿ ಹೊಡೆಯುವ ರೈಫಲ್. ಅದರ ಮರದ ಹಿಡಿಯನ್ನು ತಾವೇ ಕೆತ್ತಿ ನುಣುಪು ಮಾಡಿದ್ದರು. "ನನ್ನ ಮುಖ ನೋಡಿದ್ದಕ್ಕಿಂತ ಅದನ್ನ ನೋಡಿದ್ದೇ ಜಾಸ್ತಿ" ಎಂದು ಅಕ್ಕ ಛೇಡಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಗರಗಸದ ಯಂತ್ರಕ್ಕೆ ಅವರ ಬಲಗೈ ಸಿಕ್ಕಿತು. ತೋರುಬೆರಳೇನೋ ಉಳಿಯಿತು, ಆದರೆ ಅದನ್ನು ಮಡಚಿದರೆ ಇಡೀ ಕೈಯೇ ಅದುರುತ್ತದೆ. ಅಂದಿನಿಂದ ಅವರು ಕೂತಲ್ಲಿ ಕೂರಲಿಲ್ಲ. ರೈಫಲ್ ಇಟ್ಟ ಕಪಾಟು ತೆಗೆಯುವುದು, ಮುಚ್ಚುವುದು, ಬೀದಿಗೆ ಹೋಗುವುದು, ಮತ್ತೆ ಬಂದು ಬೀಗ ಜಗ್ಗಿ ನೋಡುವುದು. ರೈಫಲ್ ಕ್ಲಬ್ಬಿಗೆ ಹೋಗಿ ಹೊಡೆದರೆ ಗುಂಡೆಲ್ಲ ಎಡಕ್ಕೆ. "ಬಂದೂಕೇ ಕೆಟ್ಟಿದೆ ಕಣಯ್ಯ" ಎಂದು ಸಾಧಿಸುತ್ತಿದ್ದರು. ನಾನೂ ಹೇಡಿಯಂತೆ ಹೂಂಗುಟ್ಟುತ್ತಿದ್ದೆ.

ಕೊನೆಗೆ ಅಕ್ಕನೇ, "ಮಾರಿಬಿಡಿ. ಅದು ಕಪಾಟಲ್ಲಿದ್ದಷ್ಟು ದಿನ ನೀವು ನೆಮ್ಮದಿಯಾಗಿ ಊಟನೂ ಮಾಡಲ್ಲ" ಎಂದಳು. ಕೊಳ್ಳಲು ಇಬ್ಬರು ಬಂದರು. ಒಬ್ಬನ ಉಗುರು ಕೊಳೆ, ಇನ್ನೊಬ್ಬನ ಮಾತು ಜಾಸ್ತಿ ಎಂದು ಭಾವ ಸಾಗಹಾಕಿದರು. ಮೂರನೆಯವಳು ಗಣಿತದ ಟೀಚರ್, ಲೈಸೆನ್ಸ್ ಹಿಡಿದುಕೊಂಡೇ ಬಂದಿದ್ದಳು. ಅವಳಲ್ಲಿ ತಪ್ಪು ಸಿಗಲಿಲ್ಲ. ಭಾವ ಹುಡುಕಿದ್ದಂತೂ ನಿಜ.

ಕ್ಲಬ್ಬಿನಲ್ಲಿ ಅವಳು ಐದು ಗುಂಡು ಹೊಡೆದಳು. ಐದೂ ಒತ್ತೊತ್ತಾಗಿ, ಆದರೆ ಬಲಕ್ಕೆ.

"ಬಂದೂಕೇ ಸರಿಯಿಲ್ಲ ಅನ್ಸುತ್ತೆ ಅಂಕಲ್. ನಂಗೆ ಬೇಡ" ಎಂದಳು.

ಭಾವ ನನ್ನತ್ತ ನೋಡಿದರು. ಹೌದಮ್ಮ ಎಂದುಬಿಟ್ಟಿದ್ದರೆ ರೈಫಲ್ ಮನೆಗೆ ವಾಪಸು ಬರುತ್ತಿತ್ತು. ಅವರು ಇಷ್ಟು ದಿನ ಹೇಳಿಕೊಂಡು ಬಂದದ್ದೂ ಅದನ್ನೇ. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಎರಡು ಸಲ ಓಡಾಡಿದರು.

"ಕೊಡಮ್ಮ ಇಲ್ಲಿ" ಎಂದರು. ಗುರಿ ನೋಡುವ ಕಿಂಡಿಯ ಪಕ್ಕದ ತಿರುಪನ್ನು ಎಡಗೈಯಲ್ಲಿ ಹಿಂದಕ್ಕೆ ತಿರುಗಿಸಿದರು. ಟಿಕ್ ಟಿಕ್ ಎಂದು ಹನ್ನೊಂದು ಸಲ. ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು.

"ನನ್ನ ಗುಂಡು ಎಡಕ್ಕೆ ಹೋಗುತ್ತೆ ಅಂತ ನಾನೇ ಇದನ್ನ ಒಂದೊಂದಾಗಿ ಬಲಕ್ಕೆ ತಿರುಗಿಸ್ತಾ ಬಂದೆ. ಬಂದೂಕಿಗೆ ಏನೂ ಆಗಿಲ್ಲಮ್ಮ. ಕೆಟ್ಟಿರೋದು ನನ್ನ ಕೈ."

ಅವಳು ಮತ್ತೆ ಹೊಡೆದಳು. ಭಾವ ದುರ್ಬೀನಿಗೆ ಕಣ್ಣಿಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ.

"ಎಲ್ಲಿ ಬಿತ್ತು ಅಂಕಲ್?"

"ನಟ್ಟನಡುವೆ" ಎಂದರು, ತಲೆ ಎತ್ತದೆಯೇ. "ತಗೊಂಡು ಹೋಗಮ್ಮ."