ಅಜ್ಜಿಯ ನಕ್ಷೆ ಹಿಡಿದು ಮೈಸೂರಿಗೆ

ಈ ಪ್ರಸಂಗವನ್ನು ನಾನು ಹಲವು ಬಾರಿ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರಲ್ಲಿ ನಾನು ಸ್ವಲ್ಪ ಸ್ವಲ್ಪ ಒಳ್ಳೆಯವನಾಗುತ್ತ ಬಂದಿದ್ದೇನೆ. ಅದಕ್ಕೇ ಈಗ ಬರೆಯುವಾಗ ಆ ವರ್ಷದ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದೇನೆ.

ಐವತ್ತರ ದಶಕದ ನಡುವಿನ ಮಾತು. ಬಿ.ಎ. ಮುಗಿಸಿ ಮದರಾಸಿನ ನುಂಗಂಬಾಕ್ಕಂನ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಮನೆ ತಿರುವಲ್ಲಿಕೇಣಿಯಲ್ಲಿ. ಅಪ್ಪ ಹುಟ್ಟಿದ್ದೂ ಅಲ್ಲೇ, ನಾನು ಹುಟ್ಟಿದ್ದೂ ಅಲ್ಲೇ. ಆದರೂ ಯಾರಾದರೂ ಊರು ಕೇಳಿದರೆ ನಮ್ಮ ಮನೆಯವರೆಲ್ಲ ‘ಮೈಸೂರು’ ಎನ್ನುತ್ತಿದ್ದರು. ಮೈಸೂರನ್ನು ಕಣ್ಣಾರೆ ಕಂಡವರು ಅಜ್ಜಿ ಒಬ್ಬರೇ. ಅವರೂ ಹತ್ತನೆಯ ವಯಸ್ಸಿಗೆ ಮದುವೆಯಾಗಿ ಮದರಾಸಿಗೆ ಬಂದ ಮೇಲೆ ಮತ್ತೆ ಆ ಕಡೆ ಹೋಗಿರಲಿಲ್ಲ. ಕಚೇರಿಯಲ್ಲಿ ನನ್ನನ್ನು ಕರೆಯುವುದೇ ‘ಮೈಸೂರು’ ಎಂದಾಗಿತ್ತು. ನಾನು ತಿದ್ದಲಿಲ್ಲ. ಅಷ್ಟಕ್ಕೇ ಬಿಡದೆ, ಕೇಳಿದವರಿಗೆ ದಸರೆಯ ವರ್ಣನೆಯನ್ನೂ ಮಾಡುತ್ತಿದ್ದೆ.

ಅದರ ಫಲ ಆ ವರ್ಷ ಎದುರಿಗೆ ಬಂತು. ಕಚೇರಿಯ ನನ್ನ ಗೆಳೆಯ, ಮೈಲಾಪುರದ ತಮಿಳಿನವನು, ಮಹಾರಾಜರು ಆನೆಯ ಮೇಲೆ ಕುಳಿತು ಹೋಗುವುದನ್ನು ನೋಡಲೇಬೇಕೆಂದು ಹಟ ಹಿಡಿದ. ನಮ್ಮ ಇನ್ನೊಬ್ಬ ಗೆಳೆಯ ಉಡುಪಿ ಕಡೆಯವನು, ತನ್ನ ಮಾವನ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದ. ಅವನಿಗೆ ಮಾವನಿಂದ ಸಿಕ್ಕಿದ್ದು ಮೂರೇ ದಿನದ ರಜೆ. ಜಂಬೂಸವಾರಿ ತಪ್ಪಿದರೆ ಪ್ರಯಾಣವೇ ದಂಡ.

“ನಮಗೇನು ಚಿಂತೆ ಮಾರಾಯ? ಊರಿನವನೇ ಉಂಟಲ್ಲ ನಮ್ಮೊಟ್ಟಿಗೆ,” ಎಂದ ಹೋಟೆಲಿನ ಗೆಳೆಯ.

ನಾನು ತಲೆಯಾಡಿಸಿದೆ.

ಆ ಸಂಜೆಯೇ ಅಜ್ಜಿಯ ಹತ್ತಿರ ಕಾಗದ ಪೆನ್ಸಿಲು ಹಿಡಿದು ಕೂತೆ. ಅಜ್ಜಿ ಹೂಬತ್ತಿ ಹೊಸೆಯುತ್ತಾ ಒಂದು ಕ್ಷಣವೂ ತಡವರಿಸದೆ ಹೇಳುತ್ತ ಹೋದರು. ಅವರ ಮೈಸೂರಿನಲ್ಲಿ ಬೀದಿಗಳಿಗೆ ಹೆಸರಿರಲಿಲ್ಲ. ದೊಡ್ಡಮ್ಮನ ಮನೆ, ಹುಣಸೇಮರ, ಉಪ್ಪುನೀರಿನ ಬಾವಿ ಇದ್ದವು.

“ಸವಾರಿ ನೋಡೋದಕ್ಕೆ ಎಲ್ಲಿ ನಿಲ್ಲಬೇಕು ಅಜ್ಜಿ?”

“ಕೋಟೆ ದಕ್ಷಿಣದ ಬಾಗಿಲ ಹತ್ರ ಕಲ್ಲುಕುಟಿಗರ ಚಪ್ಪರ ಇದೆ. ಒಳ್ಳೇ ನೆರಳು. ಕಲ್ಲಿನ ರಾಶಿ ಮೇಲೆ ಹತ್ತಿ ನಿಂತ್ಕೋ. ಆನೆ ಕೈಗೆ ಸಿಗೋ ಹಾಗೆ ಪಕ್ಕದಲ್ಲೇ ಹೋಗತ್ತೆ, ಶರಿಯಾ?”

ಅವರ ತಲೆಯ ಮೇಲೆ, ಗೋಡೆಯ ಕ್ಯಾಲೆಂಡರಿನಲ್ಲಿ, ದೀಪಗಳಿಂದ ಝಗಝಗಿಸುವ ಮೈಸೂರು ಅರಮನೆಯಿತ್ತು. ಕಟ್ಟಿ ಮುಗಿದ ಅರಮನೆಯ ಬಾಗಿಲಲ್ಲಿ ಕಲ್ಲುಕುಟಿಗರಿಗೆ ಏನು ಕೆಲಸ ಎಂದು ಬಿ.ಎ. ಓದಿದವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲವೋ, ಹೊಳೆದರೂ ಬೇಡವೆಂದು ತಳ್ಳಿದೆನೋ, ಈಗ ಹೇಳಲಾರೆ. ನಕ್ಷೆಯನ್ನು ಶಾಯಿಯಲ್ಲಿ ಚೊಕ್ಕಟವಾಗಿ ಬರೆದು, ಚಪ್ಪರದ ಸುತ್ತ ಕೆಂಪು ವೃತ್ತ ಹಾಕಿದೆ.

ಭಾನುವಾರ ಬೆಳಿಗ್ಗೆ ಹೋಟೆಲಿನ ಹಿಂದಿನ ಮೇಜಿನಲ್ಲಿ ನಕ್ಷೆ ಬಿಚ್ಚಿದೆ. ಟಿಕೆಟ್ ತೆಗೆಯುವುದು ಮಂಗಳವಾರ ಎಂದು ತೀರ್ಮಾನವಾಯಿತು. ಮೈಲಾಪುರದವನು ನನ್ನ ಬೆನ್ನು ತಟ್ಟಿ, “ನಮ್ಮ ಮೈಸೂರು ಸುಮ್ನೆ ಅಲ್ಲ,” ಎಂದ. ಅವನಿಗೆ ಬರುತ್ತಿದ್ದ ನಾಲ್ಕಾರು ಕನ್ನಡ ವಾಕ್ಯಗಳಲ್ಲಿ ಅದೊಂದು. ಅಷ್ಟರಲ್ಲಿ ಅಡಿಗೆಯ ಭಟ್ಟರು ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಆ ತಿಂಗಳಷ್ಟೇ ಮದರಾಸಿಗೆ ಬಂದವರು. ಅದಕ್ಕೆ ಮೊದಲು ಹನ್ನೆರಡು ವರ್ಷ ಮೈಸೂರಿನ ಹೋಟೆಲೊಂದರಲ್ಲಿದ್ದರಂತೆ. ನನಗೆ ಅದು ಗೊತ್ತಿರಲಿಲ್ಲ.

“ಇದೆಂತದು, ಕಲ್ಲುಕುಟಿಗರ ಚಪ್ಪರ?”

“ಸವಾರಿ ನೋಡುವ ಜಾಗ,” ಎಂದೆ.

“ಸವಾರಿ ಹೋಗುವುದು ಬಡಗು ದಿಕ್ಕಿಗೆ. ನೀವು ತೆಂಕು ಬಾಗಿಲಲ್ಲಿ ಕೂತರೆ ಆನೆಯ ಬಾಲವೂ ಕಾಣ್ಲಿಕ್ಕಿಲ್ಲ. ಯಾವಾಗ ಹೋಗಿದ್ದಿರಿ ನೀವು?”

ಇಲ್ಲಿ ನಾನು ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಂಡೆ ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ನಾನು ನಿಂತದ್ದು, ಕುರ್ಚಿ ಕಿರ್ರೆಂದದ್ದು ಎಲ್ಲ ನೆನಪಿದೆ. ಡೈರಿಯ ಭಾನುವಾರದ ಪುಟದಲ್ಲಿರುವುದು ಇಷ್ಟೇ: “ಭಟ್ಟರು ಕೇಳಿದರು. ಚಿಕ್ಕವನಿದ್ದಾಗ ಎಂದೆ. ಇನ್ನೊಂದು ಕಾಫಿ ತರಿಸಿದೆ.”

ಮನೆಗೆ ಬಂದು ಅಜ್ಜಿಯನ್ನು ಕೇಳಿದೆ. ಹಳೆಯ ಅರಮನೆ ಸುಟ್ಟುಹೋಗಿ ಹೊಸದನ್ನು ಕಟ್ಟುತ್ತಿದ್ದ ದಿನಗಳಲ್ಲಿ ಅವರು ಊರು ಬಿಟ್ಟಿದ್ದರು. ಅವರು ಕಂಡ ಆನೆ ಕಲ್ಲು ಎಳೆಯುತ್ತಿದ್ದ ಆನೆ.

“ಹಾಗಾದ್ರೆ ಈ ಕ್ಯಾಲೆಂಡರಿನಲ್ಲಿರೋದು ಯಾವ ಅರಮನೆ ಅಂದ್ಕೊಂಡಿದ್ರಿ?”

ಅಜ್ಜಿ ಕತ್ತೆತ್ತಿ ನೋಡಿದರು. “ಅದು ಮಹಾರಾಜರದ್ದು. ನಾನು ಹೇಳಿದ್ದು ನಮ್ಮ ಬೀದಿ ಕೊನೇದು.” ಆಮೇಲೆ ಸ್ವಲ್ಪ ಯೋಚಿಸಿ, “ಮುಗಿಸಿಬಿಟ್ರಾ ಅದನ್ನ?” ಎಂದರು.

ನನಗೆ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಅಜ್ಜಿ ತಾವು ಕಂಡದ್ದನ್ನು ಹೇಳಿದ್ದರು. ನಾನು ಕಾಣದ್ದನ್ನು ಕಂಡೆನೆಂದು ಹೇಳಿಕೊಂಡು ಇಬ್ಬರು ಗೆಳೆಯರ ರಜೆಯನ್ನು ಆ ಕೆಂಪು ವೃತ್ತದೊಳಗೆ ಕೂರಿಸಹೊರಟಿದ್ದೆ. ಸೋಮವಾರದ ಪುಟದಲ್ಲಿ ಒಂದೇ ಪದವಿದೆ: “ಹೇಳಿದೆ.”

ಹೇಳಿದ್ದು ಹೋಟೆಲಿನ ಗಲ್ಲೆಯ ಮುಂದೆ ಎಂಬುದು ಮಾತ್ರ ಖಚಿತ. ಹೋಟೆಲಿನ ಗೆಳೆಯ ಕೈಯಲ್ಲಿದ್ದ ಚಿಲ್ಲರೆಯನ್ನು ಹಾಗೇ ಹಿಡಿದುಕೊಂಡು, “ಒಮ್ಮೆಯೂ ಹೋಗಿಲ್ವಾ?” ಎಂದ.

“ಇಲ್ಲ.”

“ದಸರೆ ದೀಪದ ಬಗ್ಗೆ ಅಷ್ಟುದ್ದ ಬಿಟ್ಟದ್ದು?”

“ಕ್ಯಾಲೆಂಡರ್ ನೋಡಿ.”

ಮೈಲಾಪುರದವನಿಗೆ ಪೂರ್ತಿ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ತಮಿಳಿನಲ್ಲಿ, “ಅಪ್ಪಾಡಾ, ಇನ್ನು ನಿನ್ನ ವರ್ಣನೆ ಕೇಳುವ ಕಾಟ ತಪ್ಪಿತು,” ಎಂದ. ಗೈಡಿನ ಪಟ್ಟ ಅವನಿಗೇ ಹೋಯಿತು. ಭಟ್ಟರು ಹೇಳಿದ ದಾರಿಯನ್ನು ಅವನು ತಮಿಳು ಅಕ್ಷರದಲ್ಲಿ ಬರೆದುಕೊಂಡ. ನೀರಿನ ಕೂಜ ಮತ್ತು ಹಾಸಿಗೆ ಸುರುಳಿ ಹೊರುವ ಶಿಕ್ಷೆ ನನಗೆ ಬಿತ್ತು. ಅಜ್ಜಿಯ ನಕ್ಷೆಯನ್ನು ಹರಿಯಲು ಹೋದರೆ ಇಬ್ಬರೂ ಬಿಡಲಿಲ್ಲ. ಬೆಳಿಗ್ಗೆ ಅದರ ಪ್ರಕಾರ, ಮಧ್ಯಾಹ್ನ ಭಟ್ಟರ ಪ್ರಕಾರ ಸುತ್ತುವುದೆಂದು ಗೊತ್ತುಮಾಡಿದರು. ಮಂಗಳವಾರ ಮೂರು ಟಿಕೆಟ್ ತೆಗೆದೆವು.

ಬೆಂಗಳೂರಿನಲ್ಲಿ ಇಳಿದು ಮೈಸೂರಿನ ರೈಲು ಹತ್ತಿದೆವು. ಎದುರಿನ ಸೀಟಿನಲ್ಲಿ ಜರಿ ರುಮಾಲಿನ ಯಜಮಾನರೊಬ್ಬರು ಕುಳಿತಿದ್ದರು. ಮಾತಿಗೆ ಮಾತು ಬೆಳೆದು, “ಯಾವೂರು ತಮ್ಮದು?” ಎಂದು ನನ್ನನ್ನು ಕೇಳಿದರು. ಗೆಳೆಯರಿಬ್ಬರೂ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದರು. ಹುಟ್ಟಿದಾಗಿನಿಂದ ಬಾಯಿಗೆ ಬರುತ್ತಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕೂಜವನ್ನು ಸ್ವಲ್ಪ ಸರಿಸಿ, “ಮದರಾಸು,” ಎಂದೆ.

ಯಜಮಾನರು ಮೆಚ್ಚುಗೆಯಿಂದ ತಲೆದೂಗಿದರು.

“ಪರವಾಗಿಲ್ವೇ, ಕನ್ನಡ ಚೆನ್ನಾಗೇ ಕಲ್ತಿದೀರಿ.”

ಮದ್ದೂರು ಬರುವವರೆಗೂ ಅವರಿಬ್ಬರ ನಗು ನಿಲ್ಲಲಿಲ್ಲ. ಇದು ಮಾತ್ರ ಡೈರಿಯಲ್ಲೂ ಹೀಗೇ ಇದೆ.